ಮೇಜಿನ ಆ ಕಡೆ, ಈ ಕಡೆ: ಕೆಲಸ ಕೊಡುವವರಿಗೂ ಕೇಳುವವರಿಗೂ ಒಂದು ಪಾಠ

ಯುವಜನರ ಕೂಟದ ಸಂದೇಶ
ಓದುವ ಭಾಗ: ಮತ್ತಾಯ 20:1-16, 1 ಸಮುವೇಲ 16:1-13

ಮೊದಲು ಒಂದು ಪ್ರಶ್ನೆ. ಈ ವರ್ಷ ಎಷ್ಟು ಜನ ಇಂಟರ್‌ವ್ಯೂ ಕೊಟ್ಟಿದ್ದೀರಿ? ಕೈ ಎತ್ತಿ. ಎಷ್ಟು ಜನ ಇಂಟರ್‌ವ್ಯೂ ತಗೊಂಡಿದ್ದೀರಿ? ನೋಡಿ, ಎರಡೂ ಕಡೆಯವರು ಒಂದೇ ಸಾಲಿನಲ್ಲಿ ಕೂತಿದ್ದೀರಿ. ಭಾನುವಾರ ಒಟ್ಟಿಗೆ ಆರಾಧನೆ ಮಾಡ್ತೀವಿ. ಸೋಮವಾರ ಒಬ್ಬರು ಮೇಜಿನ ಆ ಕಡೆ, ಒಬ್ಬರು ಈ ಕಡೆ. ಇವತ್ತಿನ ಪಾಠ ಆ ಮೇಜಿನ ಬಗ್ಗೆ.

ಸೇವೆಗೆ ಬರುವ ಮೊದಲು ನಾನು ಒಂದು ಪ್ಲೇಸ್‌ಮೆಂಟ್ ಕನ್ಸಲ್ಟೆನ್ಸಿಯಲ್ಲಿದ್ದೆ. ತಿಂಗಳಿಗೆ ಇಷ್ಟು ಜನರನ್ನು ಸೇರಿಸಬೇಕು ಅಂತ ಟಾರ್ಗೆಟ್. ಒಬ್ಬ ಹುಡುಗನಿಗೆ ಫೋನಲ್ಲಿ ಹೇಳಿದೆ: "ನಿಂದು ಕನ್ಫರ್ಮ್, ಪೇಪರ್ ಹಾಕ್ಬಿಡು." ಆಫರ್ ಲೆಟರ್ ಇನ್ನೂ ಬಂದಿರಲಿಲ್ಲ. ಅವನು ನನ್ನ ಮಾತು ನಂಬಿ ರಾಜೀನಾಮೆ ಕೊಟ್ಟ. ಮುಂದಿನ ವಾರ ಕಂಪನಿಯವರು ಆ ಹುದ್ದೆಯನ್ನೇ ನಿಲ್ಲಿಸಿದರು. ನನಗೆ ಗೊತ್ತಾಯಿತು, ಅವನಿಗೆ ಹೇಳಲಿಲ್ಲ. ಫೋನ್ ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ, ನಂಬರ್ ಬ್ಲಾಕ್ ಮಾಡಿದೆ.

ತುಂಬಾ ದಿನ ಆದ ಮೇಲೆ ಸಿಟಿ ಬಸ್ಸಲ್ಲಿ ಸಿಕ್ಕಿದ. ಬೈತಾನೆ ಅಂದುಕೊಂಡೆ. ಅವನು ಹೇಳಿದ್ದು ಇಷ್ಟೇ: "ಕೆಲಸ ಸಿಗದಿದ್ದಕ್ಕೆ ಬೇಜಾರಿಲ್ಲ ಸರ್. ನೀವು ಅವತ್ತೇ ಹೇಳಿದ್ದಿದ್ರೆ ರಾಜೀನಾಮೆ ವಾಪಸ್ ತಗೊಳ್ಳೋಕೆ ಟೈಮ್ ಇತ್ತು." ಕ್ಷಮೆ ಕೇಳಿದೆ. ಅವನ ಸ್ಟಾಪ್ ಬಂತು, ಇಳಿದು ಹೋದ. ಅವತ್ತು ರಾತ್ರಿ ಮೊಣಕಾಲೂರಿದರೂ ಪ್ರಾರ್ಥನೆ ಬರಲಿಲ್ಲ. ಆ ರಾತ್ರಿ ಕಲಿತದ್ದನ್ನೇ ಇವತ್ತು ಹೇಳ್ತಿದ್ದೀನಿ.

1. ಸಂಬಳ, ಕೆಲಸ ಮೊದಲೇ ಸ್ಪಷ್ಟವಾಗಿರಲಿ

ದ್ರಾಕ್ಷೇತೋಟದ ಯಜಮಾನನನ್ನು ನೋಡಿ. ನಮ್ಮ ಊರಲ್ಲಿ ಬೆಳಿಗ್ಗೆ ಕೆಲವು ಸರ್ಕಲ್‌ಗಳಲ್ಲಿ ಗಾರೆ ಕೆಲಸದವರು, ಪೇಂಟರ್‌ಗಳು ಊಟದ ಡಬ್ಬಿ ಹಿಡಿದು ನಿಂತಿರ್ತಾರಲ್ವಾ, ಅಂಥದ್ದೇ ಜಾಗಕ್ಕೆ ಅವನು ತಾನೇ ಹೋದ. ಕರೆದುಕೊಂಡು ಹೋಗುವ ಮೊದಲೇ ದಿನಕ್ಕೆ ಒಂದು ದಿನಾರಿ ಅಂತ ಒಪ್ಪಂದ ಮಾಡಿಕೊಂಡ. ಸಂಜೆ ಅದನ್ನೇ ಕೊಟ್ಟ.

ಈಗ ಲಾಬಾನನನ್ನು ನೋಡಿ. ಏಳು ವರ್ಷ ದುಡಿದರೆ ರಾಹೇಲಳನ್ನು ಕೊಡ್ತೀನಿ ಅಂದ, ಲೇಯಳನ್ನು ಕೊಟ್ಟ. ಆದಿಕಾಂಡ 31ರಲ್ಲಿ ಯಾಕೋಬನು ಇಪ್ಪತ್ತು ವರ್ಷದ ಲೆಕ್ಕ ಒಪ್ಪಿಸ್ತಾನೆ: ಕೂಲಿ ಹತ್ತು ಸಾರಿ ಬದಲಾಯಿತು. ಜಾಹೀರಾತಿನಲ್ಲಿ ಡೆವಲಪರ್ ಕೆಲಸ, ಸೇರಿದ ಮೇಲೆ ನೈಟ್ ಶಿಫ್ಟ್ ಸಪೋರ್ಟ್. ಹೇಳಿದ ಸಂಬಳ ಒಂದು, ಕೈಗೆ ಬರುವುದು ಇನ್ನೊಂದು. ಇದು ಲಾಬಾನನ ಮಾತೇ. ರಿಕ್ರೂಟರ್ ಆಗಿರುವ ತಮ್ಮಾ, ತಂಗೀ, ಕಾಗದದಲ್ಲಿ ಬರುವ ತನಕ "ಕನ್ಫರ್ಮ್" ಅನ್ನಬೇಡ. ಒಬ್ಬರ ಮನೆ ಬಾಡಿಗೆ, ಅಮ್ಮನ ಔಷಧಿ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

2. ಕೆಲಸ ಕೇಳುವವರ ಹತ್ತಿರ ಹಣ ಕೀಳಬಾರದು

ಬೇಕಾದವನು ಯಜಮಾನ, ಹುಡುಕುವ ಖರ್ಚೂ ಅವನದೇ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆಯಲ್ಲಿ ಇದೇ ತತ್ವ ಇದೆ: ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ವಸೂಲಿ ಮಾಡಬಾರದು. ವಿದೇಶದ ಕೆಲಸಕ್ಕಾದರೆ, ನಮ್ಮ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಾಯಿತ ಏಜೆಂಟರು ಮಾತ್ರ ಜನರನ್ನು ಕಳಿಸಬಹುದು. ಅವರ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ದಾಟಬಾರದು, ರಸೀದಿಯೂ ಕೊಡಬೇಕು. ಲಕ್ಷಗಟ್ಟಲೆ ಕೇಳುವವನು "ಬ್ರದರ್, ಪ್ರಾರ್ಥನೆ ಮಾಡಿದ್ದೀನಿ, ದೇವರು ಬಾಗಿಲು ತೆರೆದಿದ್ದಾನೆ" ಅಂದರೂ ಹಣ ಕೊಡಬೇಡಿ. ಮೊದಲು ನೋಂದಣಿ ನಂಬರ್ ಕೇಳಿ.

3. ಮುಖ ನೋಡಿ ತೂಗಬೇಡ

ಯಾಕೋಬನ ಪತ್ರಿಕೆ 2ನೇ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆ ಕುರ್ಚಿ, ಕೊಳೆ ಬಟ್ಟೆಯವನಿಗೆ ನೆಲ. ಇವತ್ತು ಉಂಗುರದ ಜಾಗದಲ್ಲಿ ಏನಿದೆ? ಇಂಗ್ಲಿಷ್ ಉಚ್ಚಾರಣೆ, ಕಾಲೇಜಿನ ಹೆಸರು, "ಸರ್‌ನೇಮ್ ಏನು, ಯಾವ ಕಡೆಯವರು?" ಅನ್ನುವ ಪ್ರಶ್ನೆ. ಹೆಣ್ಣುಮಕ್ಕಳಿಗೆ "ಮದುವೆ ಯಾವಾಗ, ಮಗು ಪ್ಲಾನ್ ಇದೆಯಾ?" ಅಂತ ಕೇಳ್ತಾರೆ. 2017ರ ತಿದ್ದುಪಡಿ 26 ವಾರ ಹೆರಿಗೆ ರಜೆ ಕೊಟ್ಟಿತು, ಆ ರಜೆ ತಪ್ಪಿಸೋಕೆ ಈ ಪ್ರಶ್ನೆ. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು, 2019ರ ವೇತನ ಸಂಹಿತೆಯೂ ಹೇಳುತ್ತದೆ. ಲೋಕದ ಕಾನೂನೇ ಇಷ್ಟು ಹೇಳಿದ ಮೇಲೆ ದೇವರ ಮಕ್ಕಳು ಅದಕ್ಕಿಂತ ಕೆಳಗೆ ಇಳಿಯಬಹುದಾ?

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. "ನಮ್ಮ ಸಭೆಯವನು" ಅಂತ ಅರ್ಹತೆ ಇಲ್ಲದವನನ್ನು ಒಳಗೆ ಸೇರಿಸೋದೂ ಮುಖದಾಕ್ಷಿಣ್ಯವೇ. ಹೊರಗೆ ಕಾಯುತ್ತಿರುವವನೂ ದೇವರ ಸ್ವರೂಪದಲ್ಲೇ ಸೃಷ್ಟಿಯಾದವನು.

4. "ಇಲ್ಲ" ಅನ್ನೋದನ್ನೂ ಹೇಳು

ಸಮುವೇಲನು ಇಷಯನ ಮನೆಗೆ ಬಂದಾಗ ಎಲೀಯಾಬನ ಎತ್ತರ ನೋಡಿ ಇವನೇ ಅಂದುಕೊಂಡ. ದೇವರು ತಿದ್ದಿದನು: ಮನುಷ್ಯ ಹೊರಗೆ ನೋಡ್ತಾನೆ, ನಾನು ಹೃದಯ ನೋಡ್ತೀನಿ ಅಂತ. ಈ ಭಾಗ ಎಲ್ಲರಿಗೂ ಗೊತ್ತು. ಆದರೆ ಗಮನಿಸಿ, ಏಳು ಮಕ್ಕಳು ಬಂದರು, ಏಳೂ ಜನರ ವಿಷಯ ಅಲ್ಲೇ ಇತ್ಯರ್ಥ ಆಯಿತು. ಇವರಲ್ಲಿ ಯಾರನ್ನೂ ಕರ್ತನು ಆರಿಸಿಲ್ಲ ಅಂತ ಸಮುವೇಲ ತಂದೆಗೆ ನೇರವಾಗಿ ಹೇಳಿದ. ಯಾರನ್ನೂ "ನೋಡೋಣ, ತಿಳಿಸ್ತೀವಿ" ಅಂತ ತಿಂಗಳುಗಟ್ಟಲೆ ಕಾಯಿಸಲಿಲ್ಲ. ಆಮೇಲೆ ಕುರಿ ಕಾಯುತ್ತಿದ್ದ ದಾವೀದ ಬರುವ ತನಕ ಊಟಕ್ಕೂ ಕೂರಲಿಲ್ಲ.

ಐದು ರೌಂಡ್ ಇಂಟರ್‌ವ್ಯೂ ಮಾಡಿ ಉತ್ತರವೇ ಕೊಡದೆ ಇರೋದು ದೊಡ್ಡ ಅಪರಾಧ ಅಂತ ಆಫೀಸಲ್ಲಿ ಯಾರೂ ಹೇಳಲ್ಲ. ಕಾಯುವವನು ಮಾತ್ರ ದಿನಕ್ಕೆ ಹತ್ತು ಸಾರಿ ಮೇಲ್ ತೆಗೆದು ನೋಡ್ತಾನೆ. ಎರಡು ಸಾಲು ಬರೆಯೋಕೆ ಎರಡು ನಿಮಿಷ ಸಾಕು.

5. ಈ ಕಡೆ ಕೂತವರಿಗೂ ವಾಕ್ಯ ಇದೆ

ಮತ್ತಾಯ 5:37ರಲ್ಲಿ ಯೇಸುಸ್ವಾಮಿ ಹೌದು ಅಂದರೆ ಹೌದೇ ಆಗಿರಬೇಕು ಅಂತಾನೆ. ಮೂರು ಆಫರ್‌ಗೆ "ಎಸ್" ಅಂದು, ಸೇರುವ ದಿನ ಫೋನ್ ಆಫ್ ಮಾಡೋದು ಹೌದಾ? ಇಲ್ಲದ ಎರಡು ವರ್ಷದ ಅನುಭವಕ್ಕೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರೋದು, ಆನ್‌ಲೈನ್ ಇಂಟರ್‌ವ್ಯೂಗೆ ಸ್ನೇಹಿತನನ್ನು ಕೂರಿಸೋದು, ಆಮೇಲೆ ಸಭೆಯಲ್ಲಿ "ಕರ್ತನು ಕೆಲಸ ಕೊಟ್ಟನು" ಅಂತ ಸಾಕ್ಷಿ ಹೇಳೋದು! ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಪಾಸಾಗಬಹುದು. ಆದರೆ ಆ ಸಾಕ್ಷಿಯನ್ನು ಕರ್ತನೂ ಕೇಳ್ತಾ ಇದ್ದಾನೆ.

ಈ ವಾರ ಹೀಗೆ ಮಾಡೋಣ. ಆಯ್ಕೆ ಮಾಡುವವರು, ಉತ್ತರ ಕೊಡದೆ ಬಿಟ್ಟಿರುವ ಹೆಸರುಗಳ ಪಟ್ಟಿ ತೆಗೆಯಿರಿ. ಒಬ್ಬೊಬ್ಬರಿಗೂ ಎರಡು ಸಾಲು ಬರೆಯಿರಿ. ಕೆಲಸ ಹುಡುಕುವವರು, ಬಯೋಡೇಟಾದಲ್ಲಿ ಸುಳ್ಳಿನ ಸಾಲು ಇದ್ದರೆ ಅಳಿಸಿ. ಕಾಲ್ಸ್ ಕಡಿಮೆ ಆಗಬಹುದು. ನಾನು ಸುಲಭ ಅಂತ ಹೇಳ್ತಾ ಇಲ್ಲ.

ಇನ್ನೂ ಕೆಲಸ ಸಿಗದವರೇ, ಆ ಯಜಮಾನ ಸಾಯಂಕಾಲ ಐದಕ್ಕೂ ಮತ್ತೆ ಹೊರಗೆ ಬಂದ. ಯಾರೂ ಕರೆಯದೆ ನಿಂತವರನ್ನು ಸೋಮಾರಿಗಳು ಅಂತ ಬಿಡಲಿಲ್ಲ. ಯಾಕೆ ನಿಂತಿದ್ದೀರಿ ಅಂತ ಕೇಳಿದ, ಅವರ ಉತ್ತರ ಕೇಳಿಸಿಕೊಂಡ, ತೋಟಕ್ಕೆ ಕಳಿಸಿದ. ನಮ್ಮ ದೇವರು ಅಂಥವನು. ಹಲ್ಲೆಲೂಯ!

ಪ್ರಾರ್ಥಿಸೋಣ. ತಂದೆಯೇ, ನಾವು ಎತ್ತದೆ ಬಿಟ್ಟ ಫೋನ್‌ಗಳಿಗಾಗಿ ಕ್ಷಮಿಸು. ಮೇಜಿನ ಯಾವ ಕಡೆ ಕೂತರೂ ನಿನ್ನ ಕಣ್ಣೆದುರಿಗೆ ಕೂತಿದ್ದೇವೆಂಬ ಭಯವನ್ನು ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.