ಮನೆ ವಿಳಾಸ ಕೊಟ್ಟು ಆ್ಯಪ್ ಹಾಕಬೇಕೇ?

ಪ್ರಶ್ನೆ: ಅಕ್ಕಾ, ಬಿಸಿಎ ಮುಗಿಸಿ ಮನೆಯಲ್ಲಿದ್ದೇನೆ. ಕಬ್ಬಿನ ಗಾಡಿ ಕಾರ್ಖಾನೆ ಮುಟ್ಟಿದಾಗಲೆಲ್ಲ ಅಪ್ಪನ ಮೊಬೈಲಿಗೆ ತೂಕದ ಎಸ್ಸೆಮ್ಮೆಸ್ ಬರುತ್ತದೆ. ಅವನ್ನು ತಾನೇ ಓದಿ ಹಂಗಾಮಿನ ಒಟ್ಟು ಟನ್, ಬರಬೇಕಾದ ಬಿಲ್ಲು ಲೆಕ್ಕ ಹಾಕುವ ಆ್ಯಪ್ ಮಾಡಿದ್ದೇನೆ. ಗೂಗಲ್ ಪ್ಲೇಗೆ ಹಾಕೋಣವೆಂದು ನಿಯಮ ಓದಿದರೆ ಕೈಕಾಲೇ ಆಡುತ್ತಿಲ್ಲ. ಎಸ್ಸೆಮ್ಮೆಸ್ ಓದುವಂತಿಲ್ಲ, 12 ಜನ ಪರೀಕ್ಷಕರು ಬೇಕು, ನನ್ನ ಹೆಸರು-ವಿಳಾಸ ಎಲ್ಲರಿಗೂ ಕಾಣುತ್ತದಂತೆ. ‘ಹುಡುಗಿ ವಿಳಾಸ ಊರಮಂದಿಗೆಲ್ಲಾ ಯಾಕ?’ ಅಂತಾರೆ ಅಪ್ಪ. ‘ಎಪಿಕೆ ಫೈಲ್ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿಬಿಡು’ ಅಂತಾನೆ ಅಣ್ಣ. ಏನು ಮಾಡಲಿ?
– ಹೆಸರು ಬೇಡ, ಅಂಕಲಿ

ಉತ್ತರ: ತಂಗಿ, ಅಣ್ಣನ ಮಾತನ್ನು ಮಾತ್ರ ಕೇಳಬೇಡ. ಆರ್‌ಟಿಒ ದಂಡ, ಪಿಎಂ ಕಿಸಾನ್ ಕಂತು ಎಂಬ ಹೆಸರಿನ ಎಪಿಕೆಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದು, ಒತ್ತಿದವರ ಖಾತೆ ಬರಿದಾದ ಸುದ್ದಿ ಓದಿಯೇ ಇರುತ್ತೀ. ನಿನ್ನ ಫೈಲು ಎಷ್ಟೇ ಒಳ್ಳೆಯದಿರಲಿ, ಅದನ್ನು ಒತ್ತಿ ರೂಢಿಯಾದ ಕೈ ನಾಳೆ ಕಳ್ಳನ ಫೈಲನ್ನೂ ಒತ್ತುತ್ತದೆ. ಅಲ್ಲದೆ ಆ ದಾರಿಯೂ ಕಿರಿದಾಗುತ್ತಿದೆ. ಪ್ಲೇ ಅಂಗಡಿಯ ಹೊರಗಿನ ಆ್ಯಪ್‌ಗಳಿಗೂ ತಯಾರಕರ ಗುರುತು ದೃಢಪಡಿಸಬೇಕೆಂದು ಗೂಗಲ್ 2025ರಲ್ಲಿ ಹೇಳಿದೆ. 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಿಂದ ಶುರು, 2027ರಿಂದ ಉಳಿದ ಕಡೆ.

ಎಸ್ಸೆಮ್ಮೆಸ್ ನಿಯಮದ ಬಗ್ಗೆ ನಿನಗೆ ಹಿಡಿಸದ ಮಾತು ಹೇಳುತ್ತೇನೆ: ಅದು ಸರಿಯಾಗಿದೆ. 2018ರ ಅಕ್ಟೋಬರಿನಲ್ಲಿ ಘೋಷಿಸಿದ ಈ ನಿಯಮದ ಪ್ರಕಾರ, ಸಂದೇಶ ಕಳಿಸುವುದೇ ಕೆಲಸವಾಗಿರುವ ಆ್ಯಪ್‌ಗಳು ಮತ್ತು ಕೆಲವೇ ವಿನಾಯಿತಿಗಳನ್ನು ಬಿಟ್ಟು ಬೇರೆಯವು ಎಸ್ಸೆಮ್ಮೆಸ್ ಓದುವಂತಿಲ್ಲ. ಕಾರ್ಖಾನೆಯಿಂದ ಬಂದದ್ದನ್ನಷ್ಟೇ ಓದು ಎಂದು ಆಂಡ್ರಾಯ್ಡ್‌ನಲ್ಲಿ ಅನುಮತಿ ಕೊಡಲು ಬರುವುದಿಲ್ಲ. ಕೊಟ್ಟರೆ ಇಡೀ ಪೆಟ್ಟಿಗೆ. ತೂಕದ ಸಂದೇಶದ ಮಗ್ಗುಲಲ್ಲೇ ಬ್ಯಾಂಕಿನ ಒಟಿಪಿ, ಸೊಸೈಟಿ ಸಾಲದ ನೆನಪೋಲೆ, ದವಾಖಾನೆಯ ವರದಿ ಇರುತ್ತವೆ. ನೀನು ಓದುವವಳಲ್ಲ ಎಂಬುದು ನನಗೆ ಗೊತ್ತು. ಬಳಸುವವರಿಗೆ ಗೊತ್ತಾಗುವ ಬಗೆ ಯಾವುದು?

ವಿಳಾಸದ ವಿಷಯದಲ್ಲಿ ನಾನು ನಿಮ್ಮಪ್ಪನ ಕಡೆ. ಆದರೆ ನಿಯಮವನ್ನು ಪೂರ್ತಿ ಓದು. ವೈಯಕ್ತಿಕ ಖಾತೆಯಲ್ಲಿ ಆ್ಯಪನ್ನು ಉಚಿತವಾಗಿ ಕೊಟ್ಟರೆ ಹೊರಗೆ ಕಾಣುವುದು ಹೆಸರು, ದೇಶ, ಇಮೇಲ್. ಅಲ್ಲಿಂದ ಹಣ ಗಳಿಸತೊಡಗಿದರೆ ಮಾತ್ರ ಪೂರ್ತಿ ವಿಳಾಸ. ದೊಡ್ಡ ಕಂಪನಿಗೆ ಕಚೇರಿಯ ವಿಳಾಸವಿರುತ್ತದೆ, ನಿನಗಿರುವುದು ಮನೆಯದು. ಅಳತೆ ಒಂದೇ, ಪೆಟ್ಟು ಬೇರೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಆ್ಯಪ್ ಬಳಸುವವರಿಗಿರುವ ಖಾಸಗಿತನ ಮಾಡುವವರಿಗೂ ಬೇಡವೇ?

ನನ್ನ ಸಲಹೆ: ಸದ್ಯಕ್ಕೆ ಅಂಗಡಿಯ ಗೊಡವೆಯೇ ಬೇಡ, ಒಂದು ವೆಬ್ ಪುಟ ಮಾಡು. ವಿ. ಕೃಷ್ಣ ಅವರ ‘ಅಲರ್’ ನಿಘಂಟು ಜಾಲತಾಣವಾಗಿಯೇ ಎಷ್ಟು ಕನ್ನಡಿಗರನ್ನು ಮುಟ್ಟಿದೆ ನೋಡು. ರೈತರು ಕಾಟಾ ಚೀಟಿ ನೋಡಿ ದಿನಾಂಕ, ಟನ್ ತಾವೇ ತುಂಬಲಿ. ಲೆಕ್ಕ ಅವರ ಮೊಬೈಲಿನಲ್ಲೇ ಉಳಿಯಲಿ, ನಿನ್ನ ಬಳಿ ಏನೂ ಬರದಿರಲಿ. ಕ್ರೋಮ್‌ನಲ್ಲಿ ತೆರೆದು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡರೆ ಆ್ಯಪಿನ ಹಾಗೇ ಕಾಣುತ್ತದೆ. ಒಂದು ತೊಡಕಿದೆ, ಬ್ರೌಸರ್ ಡೇಟಾ ಅಳಿಸಿದರೆ ಲೆಕ್ಕವೂ ಹೋಗುತ್ತದೆ. ಅದಕ್ಕೇ ಪ್ರತಿ ತೆಗೆದಿಡುವ ಬಟನ್ ಕೊಡು.

ಮುಂದೆ ಪ್ಲೇಗೆ ಹೋಗಲೇಬೇಕೆನಿಸಿದರೆ 12 ಜನ ಪರೀಕ್ಷಕರು 14 ದಿನ ಸತತವಾಗಿ ಪರೀಕ್ಷೆಗೆ ಸೇರಿಕೊಂಡಿರಬೇಕು. ಮೊದಲು 20 ಕೇಳುತ್ತಿದ್ದರು. ದುಡ್ಡಿಗೆ ಪರೀಕ್ಷಕರನ್ನು ಒದಗಿಸುವವರ ಹತ್ತಿರ ಹೋಗಬೇಡ. ಅಂಕಲಿ, ಮಾಂಜರಿಗಳಲ್ಲಿ ಕಬ್ಬು ಬೆಳೆಯುವ 12 ಮನೆ ಸಿಗದೇ ಹೋದಾವೇ?

ಒಂದು ಅನುಮಾನ. ಬಿಲ್ಲಿನ ಲೆಕ್ಕದಲ್ಲಿ ಕಟಾವು, ಸಾಗಣೆ ಖರ್ಚು ಕಳೆಯುವ ಕಲಂ ಇಟ್ಟಿದ್ದೀಯಾ? ಇಡದಿದ್ದರೆ ನಿನ್ನ ಆ್ಯಪ್ ತೋರಿಸುವ ಮೊತ್ತಕ್ಕೂ ಅಪ್ಪನ ಖಾತೆಗೆ ಬೀಳುವ ಮೊತ್ತಕ್ಕೂ ತಾಳೆಯಾಗುವುದಿಲ್ಲ. ಹಿಂದಿನ ಹಂಗಾಮಿನ ಚೀಟಿಗಳನ್ನು ತುಂಬಿ ಮೊದಲು ಅದನ್ನು ನೋಡಿಕೋ.