ಕರಾಳ ಕತೆ: ರಾತ್ರಿಗೊಂದೇ ಸಾಕು

ನೋಡಮ್ಮ, ಏಂಜೆಲಾ ಕಾರ್ಟರ್ ಬರೆದ ‘ದಿ ಬ್ಲಡಿ ಚೇಂಬರ್’ ತಂದಿಟ್ಟುಕೊಂಡಿದ್ದೀಯಂತೆ, ಸಂತೋಷ. ಇಂಗ್ಲಿಷಿನ ಕರಾಳ ಫ್ಯಾಂಟಸಿ ಓದಬೇಕೆನ್ನುವವರಿಗೆ ಅದು ಒಳ್ಳೆಯ ಪುಸ್ತಕ. ಇರುವುದು ಹತ್ತೇ ಕತೆ, ಭಾನುವಾರ ಒಂದೇ ಪಟ್ಟಿಗೆ ಕೂತು ಮುಗಿಸುತ್ತೇನೆ ಅಂದೆಯಲ್ಲ, ನನ್ನ ತಕರಾರು ಅದಕ್ಕೇ. ಉಪ್ಪಿನಕಾಯಿ ರುಚಿಯಾಗಿದೆ ಅಂತ ಅನ್ನ ಬಿಟ್ಟು ಅದನ್ನೇ ಉಣ್ಣುತ್ತಾರೆಯೇ? ರಾತ್ರಿಗೊಂದು ಓದು.

ಅದಕ್ಕೂ ಮುಂಚೆ ಹಳೆಯ ಕತೆಗಳು ಗೊತ್ತಿರಲಿ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕತೆಗಳನ್ನು ಕಾರ್ಟರ್ 1977ರಲ್ಲಿ ಇಂಗ್ಲಿಷಿಗೆ ತಂದರು. ಈ ಸಂಕಲನ ಬಂದದ್ದು 1979ರಲ್ಲಿ. ಪೆರೋನ ನೀಲಿಗಡ್ಡದವನ ಕತೆಯಲ್ಲಿ ಹೆಂಡತಿಯ ಜೀವ ಉಳಿಸುವವರು ಅವಳ ಅಣ್ಣತಮ್ಮಂದಿರು. ಅದನ್ನೇ ಹೊಸದಾಗಿ ಹೇಳುವ ಕಾರ್ಟರ್ ಸಂಕಲನದ ಮೊದಲ ಕತೆಯಲ್ಲಿ ಕುದುರೆ ಏರಿ ಬಂದು ಗುಂಡು ಹಾರಿಸುವವಳು ಹೆತ್ತ ತಾಯಿ! ಕೊನೆ ಹೇಳಿಬಿಟ್ಟರಲ್ಲ ಅಂತ ಮುನಿಸಿಕೊಳ್ಳಬೇಡ. ಕೊನೆ ಗೊತ್ತಿದ್ದರೂ ಮೈ ಜುಮ್ಮೆನ್ನಿಸುವ ಕತೆ ಅದು.

ಆದರೆ ಆ ಮೊದಲ ಕತೆಯೇ ಎಲ್ಲಕ್ಕಿಂತ ಉದ್ದ. ನೀನು ‘ದಿ ವೇರ್‌ವುಲ್ಫ್’ನಿಂದ ಶುರು ಮಾಡು, ಕೆಲವೇ ಪುಟ. ಅಜ್ಜಿಯ ಮನೆಗೆ ಹೊರಟ ಹುಡುಗಿ ದಾರಿಯಲ್ಲಿ ಮೈಮೇಲೆ ಬಿದ್ದ ತೋಳದ ಮುಂಗಾಲು ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಾಳೆ. ಅಜ್ಜಿಯ ಮನೆಯಲ್ಲಿ ಬಿಚ್ಚಿದರೆ ಅದು ಮುದುಕಿಯ ಕೈ. ಬೆರಳಲ್ಲಿ ಮದುವೆಯ ಉಂಗುರ, ಇನ್ನೊಂದು ಬೆರಳಲ್ಲಿ ನರುಲಿ. ಆ ನರುಲಿಯಿಂದಲೇ ಅವಳಿಗೆ ಅಜ್ಜಿಯ ಗುರುತು ಸಿಗುತ್ತದೆ. ಊರವರು ಅಜ್ಜಿಯನ್ನು ಕಲ್ಲು ಹೊಡೆದು ಕೊಲ್ಲುತ್ತಾರೆ. ಮೊಮ್ಮಗಳು ಅದೇ ಮನೆಯಲ್ಲಿ ಸುಖವಾಗಿ ಬಾಳುತ್ತಾಳೆ. ಈ ಕಡೆಯ ಮಾತನ್ನು ಎರಡು ಸಲ ಓದು. ಅಜ್ಜಿ ನಿಜಕ್ಕೂ ತೋಳವೇ, ಅಥವಾ ಮನೆ ಯಾರಿಗೋ ಬೇಕಿತ್ತೇ? ಅನುಮಾನ ಹುಟ್ಟುವುದು ಪುಸ್ತಕ ಮುಚ್ಚಿದ ಮೇಲೆ. ಆಗಲೇ ಮುಂದಿನ ಕತೆಗೆ ಕೈ ಹಾಕಿದರೆ ಆ ಅನುಮಾನ ಅಲ್ಲೇ ಸತ್ತುಹೋಗುತ್ತದೆ. ರಾತ್ರಿಗೊಂದು ಅಂದದ್ದು ಇದಕ್ಕೇ.

ಸುಂದರಿ ಮತ್ತು ಮೃಗದ ಕತೆಯನ್ನು ಕಾರ್ಟರ್ ಎರಡು ಬಾರಿ ಬರೆದು ಅಕ್ಕಪಕ್ಕ ಇಟ್ಟಿದ್ದಾರೆ. ಒಂದರಲ್ಲಿ ಮೃಗ ಮನುಷ್ಯನಾಗುತ್ತದೆ, ಇನ್ನೊಂದರಲ್ಲಿ ಹುಡುಗಿಯೇ ಹುಲಿಯಾಗುತ್ತಾಳೆ. ಇವೆರಡನ್ನು ಮಾತ್ರ ಬೆನ್ನುಬೆನ್ನಿಗೆ ಎರಡು ರಾತ್ರಿ ಓದು; ಒಂದು ಇನ್ನೊಂದಕ್ಕೆ ಕೊಟ್ಟ ಉತ್ತರದ ಹಾಗಿದೆ.

‘ದಿ ಸ್ನೋ ಚೈಲ್ಡ್’ ಎಲ್ಲಕ್ಕಿಂತ ಚಿಕ್ಕದು, ಆದರೆ ಎಲ್ಲಕ್ಕಿಂತ ಕ್ರೂರ. ಅದನ್ನು ಹಗಲಿಗೆ ಇಟ್ಟುಕೋ. ಓದಲು ಆಗದಿದ್ದರೆ ಬಿಟ್ಟುಬಿಡು, ನಾಚಿಕೆಪಡುವುದೇನೂ ಇಲ್ಲ. ಕಾದಂಬರಿಯಲ್ಲಿ ಅಧ್ಯಾಯ ಹಾರಿಸಿದರೆ ಎಳೆ ತಪ್ಪುತ್ತದೆ. ಕಥಾಸಂಕಲನದಲ್ಲಿ ಆ ಭಯವಿಲ್ಲ. ಒಲ್ಲದ ಕತೆಯನ್ನು ಹಟ ಹಿಡಿದು ಮುಗಿಸಲು ಹೋಗಬೇಡ, ಒಲಿದ ಕತೆಯನ್ನು ಒಂದೇ ಸಲ ಓದಿ ಸುಮ್ಮನಾಗಬೇಡ.