ಮೊಮ್ಮಕ್ಕಳಿಗಾಗಿ ಇಟ್ಟ ಆಸ್ತಿ

ಅಡಕೆ ತೋಟವನ್ನು ತೋರಿಸಿ “ಇದು ಮೊಮ್ಮಗಳ ಓದಿಗೆ” ಎನ್ನುವ ಅಜ್ಜಂದಿರು ನಮ್ಮ ಕಾಸರಗೋಡಿನ ಕಡೆ ಅನೇಕರು. ಮಾತೇನೋ ದೊಡ್ಡದು, ಕಾಯಿದೆಯ ಮುಂದೆ ಮಾತ್ರ ಅದು ನಿಲ್ಲದು. ಸ್ಥಿರಾಸ್ತಿಯನ್ನು ನ್ಯಾಸವಾಗಿ ಇಡಬೇಕಾದರೆ ನೋಂದಾಯಿತ ಪತ್ರವಾಗಲಿ ಮರಣಶಾಸನವಾಗಲಿ ಇರತಕ್ಕದ್ದೆಂದು 1882ರ ಭಾರತೀಯ ನ್ಯಾಸ ಕಾಯಿದೆಯು ವಿಧಿಸಿದೆ.

ಜನರು ಟ್ರಸ್ಟು ಎಂದು ಕರೆಯುವ ಈ ನ್ಯಾಸವೆಂದರೆ, ಒಬ್ಬರ ಹಿತಕ್ಕಾಗಿ ಇನ್ನೊಬ್ಬರ ವಶದಲ್ಲಿಟ್ಟ ಸ್ವತ್ತು. ಇಟ್ಟುಕೊಂಡವನು ವಿಶ್ವಸ್ತ. ಸ್ವತ್ತು ಅವನ ಹೆಸರಿನಲ್ಲಿದ್ದರೂ ಅದರ ಫಲ ಮಗುವಿನದು. ಮರಣಶಾಸನಕ್ಕೆ ಮುದ್ರಾಕಾಗದ ಬೇಕಿಲ್ಲ. ಬರೆದವರ ರುಜುವೂ ಇಬ್ಬರು ಸಾಕ್ಷಿಗಳ ರುಜುವೂ ಬೇಕು. ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸುವುದು ಲೇಸು. ಕನ್ನಡದಲ್ಲಿಯೇ ಬರೆಯಬಹುದು, ತನಗೆ ಅರ್ಥವಾಗದ ಭಾಷೆಯ ಪತ್ರಕ್ಕೆ ಹಿರಿಯರು ರುಜು ಹಾಕುವುದನ್ನು ನಾವು ಒಪ್ಪೆವು.

ಇನ್ನು ವಿಶ್ವಸ್ತನ ವಿಚಾರ. ಸಾಮಾನ್ಯವಾಗಿ ಸೋದರಮಾವನೋ ಚಿಕ್ಕಪ್ಪನೋ ಆಗಿರುತ್ತಾನೆ. ಪ್ರಾಮಾಣಿಕನೇ, ಆದರೆ ಲೆಕ್ಕ ಬರೆಯುವ ರೂಢಿಯಿಲ್ಲ. ನ್ಯಾಸದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಸ್ಪಷ್ಟವಾದ ಲೆಕ್ಕವನ್ನು ಬರೆದಿಟ್ಟು, ಕೇಳಿದಾಗ ತೋರಿಸಬೇಕಾದುದು ಅವನ ಹೊಣೆ. ಆ ಹಣವನ್ನು ತನ್ನ ವ್ಯಾಪಾರಕ್ಕೆ ತೊಡಗಿಸುವಂತಿಲ್ಲ. ಮಾರಬೇಕಾಗಿ ಬಂದ ಸ್ವತ್ತನ್ನು ತಾನೇ ಕೊಳ್ಳುವಂತೆಯೂ ಇಲ್ಲ.

ಕೆಲವರು ಇದಕ್ಕೆ ವಿರುದ್ಧವಾಗಿ ಹಣವನ್ನು ಮುಟ್ಟದೆ ಕಾಯುವುದೇ ಧರ್ಮವೆಂದು ನಂಬಿರುತ್ತಾರೆ. ಹೆಸರಿನಲ್ಲಿ ಹಣವಿದ್ದೂ ಮಗು ಪುಸ್ತಕಕ್ಕೆ ಕೈಚಾಚುವುದು ಎಂಥ ನ್ಯಾಯ? ಅಪ್ರಾಪ್ತ ವಯಸ್ಸಿನ ಮಗುವಿಗೆ ಸಲ್ಲುವ ವರಮಾನವನ್ನು ಅದರ ಪೋಷಣೆಗೂ ವಿದ್ಯಾಭ್ಯಾಸಕ್ಕೂ ವೆಚ್ಚಮಾಡಲು 41ನೆಯ ಪ್ರಕರಣವು ವಿಶ್ವಸ್ತನಿಗೆ ಅಧಿಕಾರವಿತ್ತಿದೆ. ಉಳಿದುದನ್ನು ಚಕ್ರಬಡ್ಡಿ ದೊರೆಯುವಂತೆ ತೊಡಗಿಸಬೇಕು. ವರಮಾನ ಸಾಲದಾದರೆ ಸಿವಿಲ್ ನ್ಯಾಯಾಲಯದ ಅನುಮತಿ ಪಡೆದು ಮೂಲಧನದಿಂದಲೂ ತೆಗೆಯಬಹುದು, ಅನುಮತಿಯಿಲ್ಲದೆ ಕೂಡದು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಆರು ವರ್ಷದ ಮಗುವಿಗೆ ಅಜ್ಜಿ 1,00,000 ರೂಪಾಯಿ ಇಟ್ಟರು. ಬಡ್ಡಿ ಶೇಕಡಾ 6 ಎನ್ನೋಣ. ಹದಿನೆಂಟು ತುಂಬುವಾಗ ಸರಳಬಡ್ಡಿಯಲ್ಲಿ 1,72,000 ರೂಪಾಯಿ ಆಗುವುದು. ವರ್ಷಕ್ಕೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯಲ್ಲಿ 2,01,219 ರೂಪಾಯಿ. ವ್ಯತ್ಯಾಸ 29,219 ರೂಪಾಯಿ. ವಿಶ್ವಸ್ತನು ಬಡ್ಡಿಯನ್ನು ಪುನಃ ತೊಡಗಿಸದೆ ಸುಮ್ಮನೆ ಬಿಟ್ಟರೆ ಮಗು ಕಳೆದುಕೊಳ್ಳುವುದು ಇಷ್ಟನ್ನು.

ಪತ್ರ ಬರೆಸುವಾಗ ವಿಶ್ವಸ್ತರಾಗಿ ಇಬ್ಬರನ್ನು ಹೆಸರಿಸುವುದು ಒಳ್ಳೆಯದು. ಅವರಲ್ಲೊಬ್ಬರು ತೀರಿಕೊಂಡರೆ ಆ ಸ್ಥಾನಕ್ಕೆ ಯಾರು ಬರಬೇಕೆಂಬುದನ್ನೂ ಅದರಲ್ಲಿಯೇ ಕಾಣಿಸಬೇಕು.